ಮುಕ್ತ ಆ್ಯಪ್ ಭಂಡಾರಗಳಲ್ಲಿ ಸಹಿ ಮತ್ತು ಅಪ್‌ಡೇಟ್: ಪೋಷಕರಿಗೊಂದು ಕೈಪಿಡಿ

ಆಂಡ್ರಾಯ್ಡ್ ಫೋನಿಗೆ ಹಾಕಿಕೊಳ್ಳುವ ಆ್ಯಪ್‌ಗಳು ಎಪಿಕೆ ಎಂಬ ಕಡತದ ರೂಪದಲ್ಲಿ ಸ್ಥಾಪನೆಯಾಗುತ್ತವೆ. ಡಿಜಿಟಲ್ ಸಹಿ ಇಲ್ಲದ ಎಪಿಕೆಯನ್ನು ಫೋನ್ ಸ್ವೀಕರಿಸುವುದಿಲ್ಲ. ಗೂಗಲ್ ಪ್ಲೇ ಸ್ಟೋರ್ ಅಲ್ಲದೆ, ಮುಕ್ತ ತಂತ್ರಾಂಶಗಳನ್ನಷ್ಟೇ ಹಂಚುವ ಭಂಡಾರಗಳೂ ಇವೆ. ಅವುಗಳಲ್ಲಿ ಪ್ರಮುಖವಾದುದು 2010ರಲ್ಲಿ ಆರಂಭವಾದ ಎಫ್-ಡ್ರಾಯ್ಡ್. ಇಂಟರ್ನೆಟ್ ಇಲ್ಲದೆಯೇ ಕನ್ನಡ ವಿಕಿಪೀಡಿಯವನ್ನು ಓದಲು ನೆರವಾಗುವ ಕಿವಿಕ್ಸ್, ಪಾಠವನ್ನು ಚೀಟಿಗಳ ಮೂಲಕ ನೆನಪಿನಲ್ಲಿಡಿಸುವ ಆಂಕಿಡ್ರಾಯ್ಡ್, ಕನ್ನಡದಲ್ಲಿ ಟೈಪಿಸಲು ಬರುವ ಹೆಲಿಬೋರ್ಡ್ ಕೀಲಿಮಣೆ ಅಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದ ಕಲಿಕಾ ಸಾಮಗ್ರಿಗಾಗಿ ಸದಾ ಹುಡುಕುತ್ತಿರುವ ಗಡಿನಾಡಿನ ಮನೆಗಳಿಗೆ ಇವು ಉಪಯುಕ್ತ. ಆದರೆ ಅವು ಯಾರ ಕೈಯಿಂದ, ಯಾರ ಸಹಿಯೊಂದಿಗೆ ಬರುತ್ತವೆ ಎಂಬುದನ್ನು ನಾವು ತಿಳಿದಿರಬೇಕು.

ಸಹಿ ಏನನ್ನು ಹೇಳುತ್ತದೆ

ಸಹಿ ಹಾಕುವವರ ಬಳಿ ಒಂದು ಜೋಡಿ ಕೀಲಿಗಳಿರುತ್ತವೆ. ಗುಟ್ಟಾಗಿಡುವ ಖಾಸಗಿ ಕೀಲಿಯಿಂದ ಸಹಿ ಹಾಕುತ್ತಾರೆ. ಕಡತದ ಜೊತೆಗೇ ಬರುವ ಸಾರ್ವಜನಿಕ ಕೀಲಿಯಿಂದ ಫೋನ್ ಅದನ್ನು ಪರಿಶೀಲಿಸುತ್ತದೆ. ಇದರಿಂದ ಎರಡು ಸಂಗತಿಗಳು ಖಚಿತವಾಗುತ್ತವೆ: ಸಹಿ ಬಿದ್ದ ಮೇಲೆ ಕಡತ ಬದಲಾಗಿಲ್ಲ, ಹಿಂದಿನ ಆವೃತ್ತಿಗೆ ಸಹಿ ಹಾಕಿದ ಕೀಲಿಯೇ ಇದಕ್ಕೂ ಹಾಕಿದೆ.

ಆ್ಯಪ್ ಒಳ್ಳೆಯದೆಂದು ಮಾತ್ರ ಸಹಿ ಹೇಳುವುದಿಲ್ಲ. ವರ್ಗಾವಣೆ ಪತ್ರದ ಮೇಲಿನ ಮೊಹರು ಪತ್ರ ಯಾವ ಶಾಲೆಯದೆಂದು ತಿಳಿಸುತ್ತದೆಯೇ ಹೊರತು ಆ ಶಾಲೆಯ ಗುಣಮಟ್ಟವನ್ನಲ್ಲ. ಕೀಲಿಯನ್ನು ಯಾರು ಬೇಕಾದರೂ ತಯಾರಿಸಿಕೊಳ್ಳಬಹುದು, ಮೋಸಗಾರರೂ ಸಹ.

ಸಹಿಯ ವಿಧಾನವೂ ಕಾಲಕ್ರಮೇಣ ಗಟ್ಟಿಯಾಗಿದೆ. ಮೊದಲ ವಿಧಾನ ಎಪಿಕೆಯೊಳಗಿನ ಕಡತಗಳನ್ನು ಬಿಡಿಬಿಡಿಯಾಗಿ ಕಾಯುತ್ತಿತ್ತು. ಸಹಿ ಕೆಡದಂತೆ ಅನ್ಯ ಸಂಕೇತವನ್ನು ಸೇರಿಸಲು ಎಡೆಮಾಡುವ 'ಜಾನಸ್' ಎಂಬ ದೋಷ ಈ ವಿಧಾನದಲ್ಲಿರುವುದು 2017ರಲ್ಲಿ ಬಯಲಾಯಿತು. ಆಂಡ್ರಾಯ್ಡ್ 7ರಲ್ಲಿ ಬಂದ ಎರಡನೆಯ ವಿಧಾನ ಇಡೀ ಎಪಿಕೆಯನ್ನು ಕಾಯುತ್ತದೆ. ಆಂಡ್ರಾಯ್ಡ್ 9ರಲ್ಲಿ ಬಂದ ಮೂರನೆಯದು, ಹಳೆಯ ಕೀಲಿಯ ಒಪ್ಪಿಗೆಯೊಂದಿಗೆ ಹೊಸ ಕೀಲಿಗೆ ಬದಲಾಗಲು ಅವಕಾಶ ಕೊಟ್ಟಿತು.

ಅಪ್‌ಡೇಟ್‌ನ ನಿಯಮ

ಫೋನಿನಲ್ಲಿರುವ ಆ್ಯಪ್‌ನ ಜಾಗಕ್ಕೆ ಹೊಸ ಆವೃತ್ತಿ ಬರಬೇಕಾದರೆ ಅದರ ಗುರುತಿನ ಹೆಸರು ಒಂದೇ ಆಗಿರಬೇಕು, ಸಹಿಯ ಕೀಲಿ ಹೊಂದಬೇಕು, ಆವೃತ್ತಿ ಸಂಖ್ಯೆ ಹಿಂದಿನದಕ್ಕಿಂತ ಕಡಿಮೆ ಇರಬಾರದು. ಈ ನಿಯಮವಿಲ್ಲದಿದ್ದರೆ ಅಪರಿಚಿತರು 'ಅಪ್‌ಡೇಟ್' ಎಂಬ ಹೆಸರಿನಲ್ಲಿ ಒಳನುಗ್ಗಿ ಹಳೆಯ ಆ್ಯಪ್ ಕೂಡಿಟ್ಟ ಮಾಹಿತಿಯನ್ನೆಲ್ಲ ಓದಬಹುದಾಗಿತ್ತು.

ಸಹಿ ಹೊಂದದಿದ್ದಾಗ ಉಳಿಯುವ ದಾರಿ ಹಳೆಯ ಆ್ಯಪ್ ತೆಗೆದು ಹೊಸದನ್ನು ಹಾಕುವುದು. ಆಗ ಆ್ಯಪ್‌ನ ಒಳಗಿನ ಮಾಹಿತಿ ಅಳಿಸಿಹೋಗುತ್ತದೆ. ಮಗು ವರ್ಷವಿಡೀ ಬರೆದಿಟ್ಟ ಟಿಪ್ಪಣಿಗಳೂ ಹೋಗಬಹುದು.

ಎಫ್-ಡ್ರಾಯ್ಡ್‌ನ ಕ್ರಮ

ಎಫ್-ಡ್ರಾಯ್ಡ್ ಸಾಮಾನ್ಯವಾಗಿ ತಯಾರಕರ ಎಪಿಕೆಯನ್ನು ಹಾಗೆಯೇ ಹಂಚುವುದಿಲ್ಲ. ಬಹಿರಂಗವಾಗಿರುವ ಮೂಲ ಸಂಕೇತವನ್ನು ತಂದು, ತನ್ನ ಸರ್ವರ್‌ನಲ್ಲಿ ಆ್ಯಪ್ ಕಟ್ಟಿ, ತನ್ನ ಬಳಿಯ ಕೀಲಿಯಿಂದ ಸಹಿ ಹಾಕುತ್ತದೆ. ಪ್ರಕಟವಾದ ಸಂಕೇತದಿಂದಲೇ ಆ್ಯಪ್ ಹುಟ್ಟಿದೆ ಎಂಬ ಭರವಸೆ ಇದರ ಲಾಭ. ಸಹಿಯ ಕೀಲಿಗಳನ್ನು ಜಾಲದಿಂದ ಬೇರ್ಪಡಿಸಿದ ಯಂತ್ರದಲ್ಲಿ ಕಾಯುವುದರಿಂದ ಹೊಸ ಆವೃತ್ತಿ ಕೆಲವು ದಿನ ತಡವಾಗಿ ಬರುವುದುಂಟು. ಹೀಗೆ ಸಹಿಯಾದ ಆ್ಯಪ್ ಮತ್ತು ಪ್ಲೇ ಸ್ಟೋರ್‌ನ ಅದೇ ಆ್ಯಪ್ ಬೇರೆ ಬೇರೆ ಮೊಹರು ಹೊತ್ತಿರುವುದರಿಂದ ಒಂದರ ಮೇಲೆ ಇನ್ನೊಂದನ್ನು ಹಾಕಲಾಗುವುದಿಲ್ಲ.

ಇದಕ್ಕೊಂದು ಪರಿಹಾರವಿದೆ. ಎಫ್-ಡ್ರಾಯ್ಡ್ ಕಟ್ಟಿದ ಕಡತ ಸಹಿಯೊಂದನ್ನು ಬಿಟ್ಟು ತಯಾರಕರ ಕಡತಕ್ಕೆ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಹೊಂದಿದರೆ, ತಯಾರಕರ ಸಹಿಯಲ್ಲಿಯೇ ಅದನ್ನು ಪ್ರಕಟಿಸಬಹುದು. ಆಗ ಸಹಿ ತಯಾರಕರದು, ತಪಾಸಣೆ ಭಂಡಾರದ್ದು. ಇಝಿಆನ್‌ಡ್ರಾಯ್ಡ್ ಎಂಬ ಇನ್ನೊಂದು ಭಂಡಾರ ತಯಾರಕರೇ ಸಹಿ ಹಾಕಿದ ಎಪಿಕೆಗಳನ್ನು ಹಂಚುತ್ತದೆ. ಪ್ಲೇ ಸ್ಟೋರ್‌ನಲ್ಲಿ 2021ರ ಆಗಸ್ಟ್‌ನಿಂದ ಹೊಸ ಆ್ಯಪ್‌ಗಳ ಅಂತಿಮ ಸಹಿಯ ಕೀಲಿ ಗೂಗಲ್ ಬಳಿ ಇರುತ್ತದೆ.

ಪಟ್ಟಿಗೂ ಸಹಿ

ಭಂಡಾರದಲ್ಲಿರುವ ಆ್ಯಪ್‌ಗಳ ಪಟ್ಟಿಗೂ ಪ್ರತ್ಯೇಕ ಸಹಿ ಇರುತ್ತದೆ. ಪ್ರತಿ ಎಪಿಕೆಯ ಎಸ್‌ಎಚ್‌ಎ-256 ಮೌಲ್ಯ ಆ ಪಟ್ಟಿಯಲ್ಲಿ ದಾಖಲಾಗಿರುತ್ತದೆ. ಕಡತದ ಒಂದಕ್ಷರ ಬದಲಾದರೂ ಈ ಮೌಲ್ಯ ಬದಲಾಗುತ್ತದೆ. ಎಫ್-ಡ್ರಾಯ್ಡ್ ಆ್ಯಪ್ ಮೊದಲು ಪಟ್ಟಿಯ ಸಹಿಯನ್ನು, ಬಳಿಕ ಇಳಿಸಿಕೊಂಡ ಕಡತದ ಮೌಲ್ಯವನ್ನು ತಾಳೆ ನೋಡುತ್ತದೆ. ಆದ್ದರಿಂದ ನಡುವಿನ ಯಾವುದೋ ಸರ್ವರ್ ಕಡತವನ್ನು ತಿರುಚಿದರೆ ಸಿಕ್ಕಿಬೀಳುತ್ತದೆ. ಹೊಸ ಭಂಡಾರವನ್ನು ಸೇರಿಸುವಾಗ ಅದರ ಕೀಲಿಯ ಬೆರಳಚ್ಚು, ಅಂದರೆ 64 ಅಕ್ಷರ-ಅಂಕೆಗಳ ಸಾಲು, ಆ ಭಂಡಾರದವರು ಪ್ರಕಟಿಸಿದುದಕ್ಕೆ ಸರಿಹೊಂದುವುದೇ ಎಂದು ನಾವೇ ನೋಡಬೇಕು.

ಮನೆಯಲ್ಲಿ ಪಾಲಿಸಬೇಕಾದುದು

ಮೊದಲ ಬಾರಿ ಸ್ಥಾಪಿಸುವಾಗ ತಾಳೆ ನೋಡಲು ಫೋನಿನಲ್ಲಿ ಹಳೆಯ ಸಹಿ ಇರುವುದಿಲ್ಲ. ಮೊದಲು ಬಂದವರನ್ನೇ ಫೋನ್ ಮುಂದೆಯೂ ನಂಬುತ್ತದೆ. ಹಾಗಾಗಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಬರುವ ಎಪಿಕೆಯನ್ನು, ಅದು ಕನ್ನಡದ ಹೆಸರಿನಲ್ಲಿಯೇ ಬಂದರೂ, ಸ್ಥಾಪಿಸಬಾರದು.

ಒಂದು ಆ್ಯಪ್‌ಗೆ ಒಂದೇ ಮೂಲವನ್ನು ಆರಿಸಿಕೊಂಡು ಅಪ್‌ಡೇಟ್‌ಗಳನ್ನೂ ಅಲ್ಲಿಂದಲೇ ಪಡೆಯುವುದು ಕ್ಷೇಮ. ಆಂಡ್ರಾಯ್ಡ್ 12ರಿಂದೀಚೆಗೆ, ಆ್ಯಪ್ ಸ್ಥಾಪಿಸಿದ ಭಂಡಾರವೇ ಕೆಲವು ಷರತ್ತುಗಳಿಗೊಳಪಟ್ಟು ಪ್ರತಿ ಬಾರಿಯೂ ಕೇಳದೆ ಅಪ್‌ಡೇಟ್ ಮಾಡಬಲ್ಲದು. ಸಹಿ ಹೊಂದುತ್ತಿಲ್ಲ ಎಂಬ ಸೂಚನೆ ಬಂದರೆ ಅವಸರದಿಂದ ಹಳೆಯದನ್ನು ತೆಗೆಯಬಾರದು. ಕಡತ ಎಲ್ಲಿಂದ ಬಂತೆಂದು ವಿಚಾರಿಸಿ, ಆ್ಯಪ್‌ನಲ್ಲಿ ರಫ್ತು ಅಥವಾ ಬ್ಯಾಕಪ್ ಸೌಲಭ್ಯವಿದ್ದರೆ ಮಾಹಿತಿಯನ್ನು ಉಳಿಸಿಕೊಂಡು ಮುಂದುವರಿಯಬೇಕು.

ಕೀಲಿಮಣೆಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ. ಮಕ್ಕಳ ಪ್ರಬಂಧವಾಗಲಿ, ಹಿರಿಯರ ಬ್ಯಾಂಕ್ ಪಾಸ್‌ವರ್ಡ್ ಆಗಲಿ, ಬೆರಳಿಟ್ಟದ್ದೆಲ್ಲವೂ ಅದರ ಮೂಲಕವೇ ಹಾದುಹೋಗುತ್ತದೆ. ಹೆಲಿಬೋರ್ಡ್ ಇಂಟರ್ನೆಟ್ ಅನುಮತಿಯನ್ನೇ ಕೇಳುವುದಿಲ್ಲ. ಟೈಪಿಸಿದ್ದನ್ನು ತಾನಾಗಿ ಹೊರಗೆ ಕಳುಹಿಸುವ ದಾರಿ ಅದಕ್ಕಿಲ್ಲ. ಯಾವುದೇ ಕನ್ನಡ ಕೀಲಿಮಣೆಯನ್ನು ಆರಿಸುವಾಗಲೂ ಸಹಿ ಯಾರದು, ಅದು ಕೇಳುವ ಅನುಮತಿ ಯಾವುದು ಎಂಬ ಎರಡು ಪ್ರಶ್ನೆಗಳನ್ನು ನಾವು ಮೊದಲು ಕೇಳೋಣ.