ವನಜೀವಿಕೆ ಮತ್ತು ಮೂಲಿಕಾ ವ್ಯವಹಾರ: ಶ್ರಾವಕಾಚಾರದ ದೃಷ್ಟಿಯಲ್ಲಿ ಒಂದು ವಿಚಾರ

ವೈದ್ಯಗ್ರಂಥಗಳ ತಾಡವೋಲೆಗಳನ್ನು ಓದಿ ಅಭ್ಯಾಸವಿರುವವರಿಗೆ ಒಂದು ಪರಿಭಾಷೆಯು ಸುಪರಿಚಿತವಾಗಿದೆ. ಯೋಗದಲ್ಲಿ ಗಿಡದ ಹೆಸರನ್ನು ಮಾತ್ರ ಹೇಳಿ ಅದರ ಯಾವ ಅಂಗವೆಂಬುದನ್ನು ಹೇಳದೆ ಬಿಟ್ಟಿದ್ದರೆ ಅಲ್ಲಿ ಬೇರನ್ನೇ ಗ್ರಹಿಸಬೇಕು. ಶಾರ್ಙ್ಗಧರ ಸಂಹಿತೆಯ ಆರಂಭದಲ್ಲಿಯೇ ಈ ನಿಯಮವಿದೆ. ಕಾಲವನ್ನು ಹೇಳದಿದ್ದಲ್ಲಿ ಪ್ರಾತಃಕಾಲ, ಭಾಗವನ್ನು ಹೇಳದಿದ್ದಲ್ಲಿ ಸಮಭಾಗ, ಪಾತ್ರೆಯನ್ನು ಹೇಳದಿದ್ದಲ್ಲಿ ಮಣ್ಣಿನ ಪಾತ್ರೆ, ಅಂಗವನ್ನು ಹೇಳದಿದ್ದಲ್ಲಿ ಬೇರು. ಮೊದಲಿನ ಮೂರರಿಂದ ಯಾರಿಗೂ ಹಾನಿಯಿಲ್ಲ. ಕೊನೆಯದು ಹಾಗಲ್ಲ. ಲಿಪಿಕಾರನು ಆಯಾಸದಿಂದಲೋ ಅನವಧಾನದಿಂದಲೋ ‘ಎಲೆ’ ಎಂಬ ಎರಡಕ್ಷರಗಳನ್ನು ಬಿಟ್ಟರೆ ಕಾಡಿನಲ್ಲಿ ಗಿಡದ ಬುಡಕ್ಕೆ ಗುದ್ದಲಿ ಬೀಳುತ್ತದೆ. ಗ್ರಂಥಸಂಪಾದನೆಯ ಲೋಪವು ಹೀಗೆ ಏಕೇಂದ್ರಿಯ ಜೀವದ ಘಾತಕ್ಕೆ ಕಾರಣವಾಗಬಹುದೆಂಬ ವಿಚಾರವು ನಮ್ಮ ಸಂಪಾದಕರ ಗಮನಕ್ಕೆ ಬಂದಂತಿಲ್ಲ. ಕಾಡಿನ ಮೂಲಿಕೆಗಳನ್ನು ಕೀಳುವುದು, ಮಾರುವುದು ಈ ಎರಡರ ವಿಷಯದಲ್ಲಿ ನಮ್ಮ ಆಚಾರ್ಯರು ಏನು ಹೇಳಿದ್ದಾರೆಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಿದೆ.

ಮೊದಲು ನೋಡಬೇಕಾದುದು ಖರಕರ್ಮ ಪ್ರಕರಣ. ಶ್ವೇತಾಂಬರ ಆಮ್ನಾಯದ ಉಪಾಸಕದಶಾಂಗದಲ್ಲಿ ಆನಂದ ಶ್ರಾವಕನ ವ್ರತಗ್ರಹಣದ ಸಂದರ್ಭದಲ್ಲಿ ಹದಿನೈದು ಕರ್ಮಾದಾನಗಳ ಪಟ್ಟಿಯಿದೆ. ಅಂಗಾರಕರ್ಮದ ಬಳಿಕ ಎರಡನೆಯದಾಗಿ ಬರುವುದೇ ವನಕರ್ಮ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದ ತೃತೀಯ ಪ್ರಕಾಶದಲ್ಲಿ ವನಜೀವಿಕೆಯನ್ನು ವಿವರಿಸುವಾಗ ಕಡಿದ ಮತ್ತು ಕಡಿಯದ ಕಾಡಿನ, ಎಲೆ ಹೂ ಹಣ್ಣುಗಳ ವಿಕ್ರಯವನ್ನು ಅದರಲ್ಲಿ ಸೇರಿಸುತ್ತಾರೆ. ಧಾನ್ಯವನ್ನು ಒಡೆದು ಬೀಸಿ ಜೀವಿಸುವುದೂ ಅವರ ಮತದಲ್ಲಿ ವನಜೀವಿಕೆಯೇ. ಪ್ರಾಣಹಾರಿ ವಸ್ತುಗಳ ಮಾರಾಟವಾದ ವಿಷವಾಣಿಜ್ಯವು ಬೇರೆಯಾಗಿ ಬರುತ್ತದೆ. ಶೋಧಿಸಿದ ವತ್ಸನಾಭಿಯು ಔಷಧ, ಶೋಧಿಸದ್ದು ವಿಷ; ಆದುದರಿಂದ ಮೂಲಿಕೆಯ ವ್ಯಾಪಾರಿಯು ಈ ಎರಡು ನಿಷೇಧಗಳಿಗೂ ಸಮೀಪದಲ್ಲಿಯೇ ಇರುತ್ತಾನೆ.

ದಿಗಂಬರ ಆಮ್ನಾಯದಲ್ಲಿ ಈ ಪಟ್ಟಿಯ ಸ್ಥಿತಿ ಬೇರೆ. ತತ್ತ್ವಾರ್ಥಸೂತ್ರದಲ್ಲಿ ಇದಿಲ್ಲ, ರತ್ನಕರಂಡಕದಲ್ಲಿಯೂ ಇಲ್ಲ. ಪಂಡಿತಪ್ರವರ ಆಶಾಧರರು ಸಾಗಾರಧರ್ಮಾಮೃತದ ಐದನೆಯ ಅಧ್ಯಾಯದಲ್ಲಿ ಹದಿನೈದನ್ನೂ ಎಣಿಸಿ, ಇದು ಕೆಲವರ ಮತವೆಂದು ತಿಳಿಸಿ, ಅದು ಸಮರ್ಪಕವಲ್ಲವೆಂದು ತಮ್ಮ ಅಭಿಪ್ರಾಯವನ್ನು ಹೇಳುತ್ತಾರೆ. ಲೋಕದಲ್ಲಿ ಸಾವದ್ಯಕರ್ಮಗಳು ಅಗಣ್ಯವಾಗಿರುವುದೇ ಅವರು ಕೊಡುವ ಕಾರಣ. ಅತಿ ಮಂದಬುದ್ಧಿಗಳಿಗಾಗಿ ಬೇಕಾದರೆ ಹೀಗೆ ಎಣಿಸಿ ಹೇಳಬಹುದೆಂಬ ಮಾತನ್ನೂ ಸೇರಿಸುತ್ತಾರೆ. ವಿ. ಸಂ. 1296ರಲ್ಲಿ, ಎಂದರೆ ಕ್ರಿ. ಶ. 1239ರ ಸುಮಾರಿನಲ್ಲಿ, ತಮ್ಮ ಗ್ರಂಥಕ್ಕೆ ತಾವೇ ಟೀಕೆ ಬರೆದು ಮುಗಿಸಿದ ಈ ಗೃಹಸ್ಥ ವಿದ್ವಾಂಸರ ಮಾತನ್ನು ಕೆಲವರು ನಿಷೇಧದ ಸಡಿಲಿಕೆಯೆಂದು ಗ್ರಹಿಸಿರುವುದುಂಟು. ನನಗೆ ಅದು ವಿಪರೀತಾರ್ಥವಾಗಿ ತೋರುತ್ತದೆ. ಪಟ್ಟಿಯಲ್ಲಿಲ್ಲದ್ದೆಲ್ಲ ನಿರ್ದೋಷವೆಂದು ವಣಿಕನು ಭಾವಿಸಕೂಡದೆಂಬುದೇ ಅಲ್ಲಿಯ ಆಶಯ. ಹೇಮಚಂದ್ರರು ಹೇಳಿದ್ದು ಎಲೆ, ಹೂ, ಹಣ್ಣು ಮಾತ್ರ, ಬೇರನ್ನು ಹೆಸರಿಸಿಲ್ಲ ಎಂದು ವಾದಿಸುವವನಿಗೆ ಆಶಾಧರರ ಮಾತೇ ಉತ್ತರವಾಗುತ್ತದೆ.

ಹಾಗಾದರೆ ಹೆಚ್ಚು ಕಡಿಮೆಗಳನ್ನು ಅಳೆಯುವುದು ಹೇಗೆ? ಸಮಂತಭದ್ರಸ್ವಾಮಿಗಳ ಎರಡು ಮಾತುಗಳು ಇಲ್ಲಿ ಉಪಯುಕ್ತವಾಗಿವೆ. ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಅವರು ವನಸ್ಪತಿಚ್ಛೇದವನ್ನು ಸೇರಿಸುವಾಗ ‘ವಿಫಲ’ ಎಂಬ ವಿಶೇಷಣವಿದೆ. ನಿಷ್ಪ್ರಯೋಜನವಾದ ಛೇದವೇ ಅಲ್ಲಿಯ ವಿಷಯ. ಆದರೆ ಪ್ರಯೋಜನವಿದ್ದ ಮಾತ್ರಕ್ಕೆ ಎಲ್ಲವೂ ಸಮ್ಮತವೆಂದಲ್ಲ. ಭೋಗೋಪಭೋಗ ಪರಿಮಾಣದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದವುಗಳನ್ನು ತ್ಯಾಜ್ಯವೆನ್ನುವಾಗ ‘ಅಲ್ಪಫಲ ಬಹುವಿಘಾತ’ವೆಂಬ ಹೇತುವನ್ನು ಕೊಡುತ್ತಾರೆ. ದೊರೆಯುವ ಫಲ ಅಲ್ಪ, ಆಗುವ ಘಾತ ಬಹು. ಆಹಾರದ ಸಂದರ್ಭದಲ್ಲಿ ಹೇಳಿದ ಈ ಹೇತುವು ಔಷಧಕ್ಕೂ ಅನ್ವಯಿಸುವಷ್ಟು ವ್ಯಾಪಕವಾಗಿದೆ.

ಘಾತದ ತಾರತಮ್ಯವನ್ನು ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಗೊಮ್ಮಟಸಾರ ಜೀವಕಾಂಡದ ಲೇಶ್ಯಾಮಾರ್ಗಣೆಯ ವೃಕ್ಷದೃಷ್ಟಾಂತ. ಹಸಿದ ಆರು ಮಂದಿ ಹಣ್ಣಿನ ಮರದ ಬಳಿಗೆ ಬರುತ್ತಾರೆ. ಬುಡಸಹಿತ ಕೀಳಬೇಕೆಂಬವನು ಕೃಷ್ಣಲೇಶ್ಯೆಯವನು. ಕಾಂಡವನ್ನು ಕಡಿಯಬೇಕೆಂಬವನು ನೀಲ. ದೊಡ್ಡ ಕೊಂಬೆ ಸಾಕೆಂಬವನು ಕಪೋತ. ಸಣ್ಣ ಕೊಂಬೆ ಸಾಕೆಂಬವನು ಪೀತ. ಹಣ್ಣನ್ನು ಮಾತ್ರ ಬಿಡಿಸುವವನು ಪದ್ಮ. ತಾನಾಗಿ ಬಿದ್ದುದನ್ನು ಆರಿಸುವವನು ಶುಕ್ಲ. ಈ ದೃಷ್ಟಾಂತವನ್ನು ಪರಿಣಾಮವಿಶುದ್ಧಿಯ ನಿರೂಪಣೆಯೆಂದೇ ನಾವು ಪಾಠ ಹೇಳುತ್ತೇವೆ. ಅದು ಸರಿಯೂ ಹೌದು. ಆದರೆ ಇದರೊಡನೆ ಕೌಟಿಲ್ಯನ ಅರ್ಥಶಾಸ್ತ್ರದ ಒಂದು ಭಾಗವನ್ನು ಇಟ್ಟು ನೋಡಿದರೆ ಆಶ್ಚರ್ಯವಾಗುತ್ತದೆ. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಮೊದಲು ಪ್ರಕಟಿಸಿದ ಆ ಗ್ರಂಥದ ದಂಡಪಾರುಷ್ಯ ಪ್ರಕರಣದಲ್ಲಿ ಪುರದ ಉಪವನದ ಮರಗಳಿಗೆ ಸಂಬಂಧಿಸಿದ ದಂಡಗಳಿವೆ: ಚಿಗುರನ್ನು ಕತ್ತರಿಸಿದರೆ 6 ಪಣ, ಸಣ್ಣ ಕೊಂಬೆಗೆ 12, ದೊಡ್ಡ ಕೊಂಬೆಗೆ 24, ಕಾಂಡವನ್ನು ಕಡಿದರೆ ಪೂರ್ವಸಾಹಸ ದಂಡ, ಬುಡಸಹಿತ ಕಿತ್ತರೆ ಮಧ್ಯಮಸಾಹಸ. ಕೊಂಬೆ, ಕಾಂಡ, ಬುಡ ಎಂಬ ಮೆಟ್ಟಿಲುಗಳು ಎರಡರಲ್ಲಿಯೂ ಒಂದೇ. ಒಂದು ಇನ್ನೊಂದರಿಂದ ಬಂದಿತೆಂದು ನಾನು ಹೇಳುತ್ತಿಲ್ಲ. ರಾಜದಂಡವೂ ಲೇಶ್ಯಾವಿಚಾರವೂ ಮರಕ್ಕಾಗುವ ಹಾನಿಯನ್ನು ಒಂದೇ ಅಳತೆಗೋಲಿನಿಂದ ಅಳೆದಿವೆಯೆಂಬಷ್ಟು ನಿಶ್ಚಿತ.

ಜೀವಕಾಂಡದಲ್ಲಿಯೇ ಕಾಯಮಾರ್ಗಣೆಯ ಮತ್ತೊಂದು ಗಾಥೆಯಲ್ಲಿ ಸಸ್ಯಗಳನ್ನು ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂದು ವಿಭಾಗಿಸಿದೆ. ಶುಂಠಿ, ಅರಿಸಿನ ಮೂಲಬೀಜಗಳು, ಕಬ್ಬು, ಬೆತ್ತ ಪರ್ವಬೀಜಗಳು, ಸುವರ್ಣಗಡ್ಡೆ ಕಂದಬೀಜ, ಬತ್ತ ಬೀಜರುಹ. ಗಿಡವು ಯಾವ ಅಂಗದಿಂದ ಮರಳಿ ಹುಟ್ಟುತ್ತದೆಂಬ ಈ ಜ್ಞಾನವಿಲ್ಲದೆ ಏನನ್ನು ಕೀಳಬಹುದು, ಏನನ್ನು ಉಳಿಸಬೇಕೆಂಬ ನಿರ್ಣಯವೇ ಸಾಧ್ಯವಿಲ್ಲ. ಬೀಜರುಹವಾದ ಗಿಡವನ್ನು ಕಾಯಿ ಬಲಿಯುವ ಮೊದಲೇ ಬೇರುಸಹಿತ ಕಿತ್ತರೆ ಆ ಸಂತತಿಯೇ ಮುಗಿಯಿತು. ಕೇಶವಣ್ಣನು ಈ ಗ್ರಂಥಕ್ಕೆ ಕನ್ನಡ ವೃತ್ತಿಯನ್ನು ಶಕ 1281ರಲ್ಲಿ (ಕ್ರಿ. ಶ. 1359) ಮುಗಿಸಿದನು. ಮಂಗರಾಜನು ಸ್ಥಾವರ ಜಂಗಮ ವಿಷಗಳ ಚಿಕಿತ್ಸೆಯನ್ನು ಕುರಿತ ಖಗೇಂದ್ರಮಣಿದರ್ಪಣವನ್ನು ಬರೆದುದೂ ಹೆಚ್ಚು ಕಡಿಮೆ ಅದೇ ಕಾಲದಲ್ಲಿ. ಸಿದ್ಧಾಂತ ಮತ್ತು ವೈದ್ಯ ಒಂದೇ ನಾಡಿನಲ್ಲಿ, ಒಂದೇ ತಲೆಮಾರಿನಲ್ಲಿ ಕನ್ನಡಕ್ಕೆ ಬಂದವು. ಎರಡನ್ನೂ ಒಟ್ಟಿಗೆ ಓದುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಜೈನವೈದ್ಯಕ್ಕೆ ಇಲ್ಲಿ ಒಂದು ವಿಶೇಷ ಹೊಣೆಯಿದೆ. 1940ರಲ್ಲಿ ಸೊಲ್ಲಾಪುರದಿಂದ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಪ್ರಕಟಿಸಿದ ಕಲ್ಯಾಣಕಾರಕದಲ್ಲಿ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ಚಿಕಿತ್ಸೆಯಿಂದ ಹೊರಗಿಟ್ಟಿದ್ದಾರೆ. ಇದು ನಮಗೆಲ್ಲ ಅಭಿಮಾನದ ವಿಷಯ. ಆದರೆ ತ್ರಸಘಾತವನ್ನು ಬಿಟ್ಟ ವೈದ್ಯನಿಗೆ ಸಸ್ಯ ಮತ್ತು ಖನಿಜಗಳೇ ಗತಿಯಾಗುತ್ತವೆ. ಸ್ಥಾವರಜೀವಗಳ ಮೇಲಿನ ಭಾರವು ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಇದನ್ನು ಒಪ್ಪಿಕೊಳ್ಳುವುದರಿಂದ ಉಗ್ರಾದಿತ್ಯರ ಮಹತ್ತ್ವಕ್ಕೆ ಕುಂದಿಲ್ಲ.

ಸಂಗ್ರಹಕಾಲದ ವಿಷಯದಲ್ಲಿ ಆಯುರ್ವೇದದ ನಿಯಮಗಳು ಪ್ರಸಿದ್ಧವಾಗಿವೆ. ಚರಕಸಂಹಿತೆಯ ಕಲ್ಪಸ್ಥಾನದಂತೆ ಎಳೆಯ ಕೊಂಬೆ ಎಲೆಗಳನ್ನು ವರ್ಷ ವಸಂತಗಳಲ್ಲಿ, ಬೇರನ್ನು ಗ್ರೀಷ್ಮ ಅಥವಾ ಶಿಶಿರದಲ್ಲಿ, ತೊಗಟೆ, ಗಡ್ಡೆ, ಹಾಲುಗಳನ್ನು ಶರತ್ತಿನಲ್ಲಿ, ಚೇಗನ್ನು ಹೇಮಂತದಲ್ಲಿ ಸಂಗ್ರಹಿಸಬೇಕು. ಇವು ವೀರ್ಯವನ್ನು ಉದ್ದೇಶಿಸಿದ ನಿಯಮಗಳೇ ಹೊರತು ಸಸ್ಯರಕ್ಷಣೆಯನ್ನಲ್ಲ. ಈಚೆಗೆ ಕೆಲವರು ಇವನ್ನೇ ಪ್ರಾಚೀನರ ವನಸಂರಕ್ಷಣೆಯೆಂದು ಹೊಗಳುವುದು ಅತಿಯಾಯಿತು. ಸುಶ್ರುತನು ಗೋಪಾಲಕರು, ತಾಪಸರು, ಬೇಡರು ಮುಂತಾದ ವನಚರರಿಂದ ಔಷಧಿಗಳ ಪರಿಚಯವನ್ನು ಪಡೆಯಬೇಕೆಂದಿರುವುದು ಇದಕ್ಕಿಂತ ಹೆಚ್ಚು ಬೆಲೆಯುಳ್ಳ ಮಾತು.

ವಿಕ್ರಯದ ವಿಚಾರಕ್ಕೆ ಬಂದರೆ ತತ್ತ್ವಾರ್ಥಸೂತ್ರದ ಅಚೌರ್ಯಾಣುವ್ರತದ ಐದು ಅತಿಚಾರಗಳಿಗಿಂತ ಉತ್ತಮವಾದ ನಿಯಮಾವಳಿ ನನಗೆ ಕಂಡಿಲ್ಲ. ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ‘ನಾನು ಕೀಳಲಿಲ್ಲ, ತಂದುಕೊಟ್ಟದ್ದನ್ನು ಕೊಂಡೆ’ ಎಂಬ ಗ್ರಂಧಿಗೆ ಅಂಗಡಿಯವನ ಸಮಾಧಾನವು ತದಾಹೃತಾದಾನದಲ್ಲಿಯೇ ಬೀಳುತ್ತದೆ. ಕೃತ, ಕಾರಿತ, ಅನುಮತಗಳ ವಿಭಾಗವನ್ನು ಬಲ್ಲವನಿಗೆ ಆ ಸಮಾಧಾನ ಸಾಲದು. ಅಶೋಕದ ತೊಗಟೆಯೆಂದು ಉದ್ಯಾನಗಳಲ್ಲಿ ನೆಟ್ಟಗೆ ಬೆಳೆಯುವ ಬೇರೊಂದು ಮರದ ತೊಗಟೆಯನ್ನು ಮಾರುವುದು ಪ್ರತಿರೂಪಕ. ವಿರುದ್ಧರಾಜ್ಯಾತಿಕ್ರಮಕ್ಕೆ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆಯು ಮನನೀಯವಾಗಿದೆ: ವ್ಯವಸ್ಥೆ ಕೆಟ್ಟ ರಾಜ್ಯದಲ್ಲಿ ಬೆಲೆಬಾಳುವ ದ್ರವ್ಯಗಳು ಅಲ್ಪಮೂಲ್ಯಕ್ಕೆ ಸಿಗುತ್ತವೆಂದು ಉಚಿತನ್ಯಾಯವನ್ನು ಮೀರಿ ಕೊಳ್ಳಲೆಳಸುವುದು. ದಿನವೆಲ್ಲ ಕಾಡಿನಲ್ಲಿ ಅಲೆದು ಮಾಕಳಿ ಬೇರನ್ನೋ ಮರದರಿಸಿನವನ್ನೋ ತರುವವನಿಗೆ ಕೈಗೆ ಬಂದಷ್ಟು ಕೊಟ್ಟು ಕಳುಹಿಸುವ ವ್ಯವಹಾರವನ್ನು ಇದಕ್ಕಿಂತ ಖಚಿತವಾಗಿ ಹೇಳಲಾಗದು.

ಇಂದಿನ ರಾಜಶಾಸನಗಳೂ ಇದೇ ದಾರಿಯಲ್ಲಿ ಬಂದಿವೆ. ಕಾಶ್ಮೀರ ಪ್ರಾಂತ್ಯದಿಂದ ವಣಿಕರ ಮೂಲಕ ದಕ್ಷಿಣಕ್ಕೆ ಬರುತ್ತಿದ್ದ ಕುಷ್ಠವು, ಎಂದರೆ ನಮ್ಮ ಅಂಗಡಿಗಳ ಕೋಷ್ಠವು, ಕಾಡಿನಲ್ಲಿ ಕ್ಷೀಣಿಸಿದುದರಿಂದ 1985ರಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆಯ ಅತ್ಯಂತ ಕಠಿನವಾದ ಪಟ್ಟಿಗೆ ಸೇರಿತು. 1991ರಲ್ಲಿ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ಸಸ್ಯಗಳ ಅಧ್ಯಾಯವು ಬಂದಾಗ ಅದರಲ್ಲಿಯೂ ಸ್ಥಾನ ಪಡೆಯಿತು. 2006ರ ಅರಣ್ಯಹಕ್ಕು ಅಧಿನಿಯಮವು ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಒಡೆತನವನ್ನು ವನವಾಸಿಗಳಿಗೆ ಒಪ್ಪಿಸಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಈ ಸಾಮುದಾಯಿಕ ಹಕ್ಕು 2011ರಲ್ಲಿ ದೊರೆಯಿತು. ಸುಶ್ರುತನು ಯಾರನ್ನು ಕೇಳಬೇಕೆಂದನೋ ಅಂಥವರ ಕೈಗೇ ಅದು ಬಂದಿದೆ.

ಇನ್ನು ನಮ್ಮ ಪಾಲಿನ ಕೆಲಸ. ವೈದ್ಯಗ್ರಂಥಗಳನ್ನು ಸಂಪಾದಿಸುವಾಗ ಓಲೆಯಲ್ಲಿ ‘ಬೇರು’ ಎಂದು ಸ್ಪಷ್ಟವಾಗಿರುವ ಸ್ಥಳವನ್ನೂ ಪರಿಭಾಷೆಯ ಬಲದಿಂದ ಸಂಪಾದಕನು ಸೇರಿಸಿದ ಸ್ಥಳವನ್ನೂ ಬೇರೆ ಬೇರೆಯಾಗಿ ತೋರಿಸಬೇಕು. ಸೇರಿಸಿದ ಪದವು ಚೌಕಕಂಸದಲ್ಲಿರಲಿ. ಅದೇ ಯೋಗವು ಬೇರೆ ಪ್ರತಿಗಳಲ್ಲಿ ಎಲೆ, ತೊಗಟೆ ಅಥವಾ ಹಣ್ಣಿನೊಡನೆ ಬಂದಿದ್ದರೆ ಆ ಪಾಠಾಂತರವನ್ನು, ಪ್ರತಿಯು ಎಷ್ಟೇ ಅರ್ವಾಚೀನವಾಗಿದ್ದರೂ, ಅಡಿಟಿಪ್ಪಣಿಯಲ್ಲಿ ಬಿಡದೆ ಕೊಡಬೇಕು. ಶಾರ್ಙ್ಗಧರನ ಪರಿಭಾಷೆಗೂ ಅಪವಾದಗಳಿವೆ: ಆಲ ಮೊದಲಾದವುಗಳಲ್ಲಿ ತೊಗಟೆ, ಹೊನ್ನೆ ಮೊದಲಾದವುಗಳಲ್ಲಿ ಚೇಗು, ತಾಲೀಸ ಮೊದಲಾದವುಗಳಲ್ಲಿ ಎಲೆ, ತ್ರಿಫಲೆಯಲ್ಲಿ ಹಣ್ಣು. ಇದನ್ನು ಮರೆತು ಎಲ್ಲೆಡೆಯೂ ‘ಬೇರು’ ಎಂದು ಅರ್ಥ ಬರೆದಿರುವ ಮುದ್ರಿತ ಗ್ರಂಥಗಳಿದ್ದರೆ ಅವನ್ನು ಓಲೆಗಳೊಡನೆ ಮತ್ತೆ ತಾಳೆ ನೋಡಬೇಕಾಗಿದೆ.