ಅಯಾನು

ಗ್ರೀಕ್‌ನಲ್ಲಿ ಇದಕ್ಕೆ ‘ಹೋಗುವಂಥದ್ದು’ ಎಂದರ್ಥ. ದ್ರಾವಣದೊಳಗೆ ವಿದ್ಯುತ್ ಹರಿಸಿದಾಗ ಧ್ರುವಗಳತ್ತ ಸಾಗುವ ಕಣಗಳಿಗೊಂದು ಹೆಸರು ಹುಡುಕುತ್ತಿದ್ದ ಮೈಕೇಲ್ ಫ್ಯಾರಡೆಗೆ 1834ರಲ್ಲಿ ಈ ಪದ ಸೂಚಿಸಿದವರು ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂವೆಲ್. ಕನ್ನಡದಲ್ಲಿ ಅದು ಉಕಾರ ಸೇರಿಸಿಕೊಂಡು ನಮ್ಮದಾಯಿತು.

ಈಗ ವೈದ್ಯಲೋಕದಲ್ಲಿ ಹೆಚ್ಚು ಕೇಳಿಬರುವುದು ‘ಅಯಾನು ಚಾನೆಲ್’. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಅಯಾನುಗಳು ಜೀವಕೋಶದ ಪೊರೆ ದಾಟಲು ಪ್ರೋಟೀನು ತೆರೆದುಕೊಡುವ ದಾರಿ ಇದು. ಬಿಪಿಗೆ ನುಂಗುವ ಆಮ್ಲೋಡಿಪಿನ್ ಮಾತ್ರೆ ರಕ್ತನಾಳದ ಸ್ನಾಯುವಿನಲ್ಲಿರುವ ಕ್ಯಾಲ್ಸಿಯಂ ಚಾನೆಲನ್ನೇ ತಡೆಯುತ್ತದೆ.

ಮುತ್ತಿಟ್ಟಾಗ ಹಣೆ ಉಪ್ಪುಪ್ಪೆನಿಸಿದರೆ ಆ ಮಗು ಬಾಳದು ಎಂಬ ನಂಬಿಕೆ ಹಿಂದೆ ಯೂರೋಪಿನಲ್ಲಿತ್ತು. ಎಷ್ಟು ಕರುಳು ಹಿಂಡುವ ರೋಗಲಕ್ಷಣ! ಆ ರೋಗವೇ ಸಿಸ್ಟಿಕ್ ಫೈಬ್ರೋಸಿಸ್. ಸಿಎಫ್‌ಟಿಆರ್ ಎಂಬ ಕ್ಲೋರೈಡ್ ಚಾನೆಲ್ ಕೆಟ್ಟು ಬೆವರು ಉಪ್ಪಾಗುತ್ತದೆ, ಶ್ವಾಸಕೋಶದಲ್ಲಿ ಕಫ ಅಂಟಾಗಿ ಕಟ್ಟಿಕೊಳ್ಳುತ್ತದೆ. ಅದರ ವಂಶವಾಹಿ ಪತ್ತೆಯಾದದ್ದು 1989ರಲ್ಲಿ. 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಐವಾಕಾಫ್ಟರ್, ಪೊರೆಯಲ್ಲಿದ್ದೂ ಸರಿಯಾಗಿ ತೆರೆಯದ ಚಾನೆಲನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಕೆಮ್ಮು, ಸೋಂಕಿಗೆ ಮದ್ದು ಕೊಡುತ್ತಿದ್ದವರಿಗೆ ಮೂಲ ದೋಷಕ್ಕೇ ಕೈಹಾಕುವ ಮಾತ್ರೆ ಸಿಕ್ಕಿದ್ದು ದೊಡ್ಡ ಸಂಗತಿ. ಬಹುಪಾಲು ರೋಗಿಗಳಲ್ಲಿ ಮಾತ್ರ ಚಾನೆಲ್ ಪೊರೆಯನ್ನೇ ಸರಿಯಾಗಿ ತಲುಪುವುದಿಲ್ಲ; ಅವರಿಗೆ ಇದರ ಜೊತೆ ಬೇರೆ ಔಷಧಗಳೂ ಬೇಕು.