ಕಡಸಲಿನಿಂದ ಲೇತಿಗೆ

ಮೊಸರನ್ನು ಕಡೆಯುತ್ತೇವೆ, ಮಂಚದ ಕಾಲನ್ನೂ ಕಡೆಯುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಧಾತು. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಕಡೆಗೋಲಿಗೆ ಹಗ್ಗ ಸುತ್ತಿ ಒಮ್ಮೆ ಅತ್ತ, ಒಮ್ಮೆ ಇತ್ತ ಎಳೆಯುವಂತೆಯೇ ಹಳೆಯ ಕಡಸಲಿನಲ್ಲಿಯೂ ಮರದ ತುಂಡಿಗೆ ಹಗ್ಗ ಸುತ್ತಿ ಒಬ್ಬನು ಎಳೆಯುತ್ತಿದ್ದನು. ಇನ್ನೊಬ್ಬನು ಉಳಿ ಹಿಡಿದು ಕೂರುತ್ತಿದ್ದನು. ತುಂಡು ತನ್ನತ್ತ ತಿರುಗುವಾಗ ಉಳಿ ಕಚ್ಚಬೇಕು, ಹಿಂದಕ್ಕೆ ತಿರುಗುವಾಗ ಸುಮ್ಮನಿರಬೇಕು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕಂಬಗಳ ಬಳೆಯಂಥ ಏಣುಗಳನ್ನು ಕಂಡವರು, ಬಳಪದ ಕಲ್ಲನ್ನೂ ನಮ್ಮವರು ಹೀಗೆ ತಿರುಗಿಸಿಯೇ ಕಡೆದರೆಂಬುದನ್ನು ಸುಲಭವಾಗಿ ಒಪ್ಪುತ್ತಾರೆ.

ಆದರೆ ಕಬ್ಬಿಣ ಕೈಯ ಉಳಿಗೆ ಬಗ್ಗುವುದಲ್ಲ. ಕೈ ಎಷ್ಟೇ ಪಳಗಿದ್ದರೂ ಒಂದು ಮಾರು ಉದ್ದಕ್ಕೆ ಕೂದಲೆಳೆಯಷ್ಟೂ ಅತ್ತಿತ್ತ ಸರಿಯದೆ ನಿಲ್ಲಲಾರದು. 1800ರ ಸುಮಾರಿಗೆ ಲಂಡನ್ನಿನ ಹೆನ್ರಿ ಮಾಡ್ಸ್‌ಲಿ ಉಳಿಯನ್ನು ಜಾರುವ ಪೀಠದ ಮೇಲೆ ಬಿಗಿದು, ಆ ಪೀಠವನ್ನು ಒಂದು ತಿರುಪುಮೊಳೆಯಿಂದ ನಡೆಸಿದನು. ಉಳಿ ಕೈಯಿಂದ ಯಂತ್ರಕ್ಕೆ ಹೋಯಿತು. ಅಲ್ಲಿಂದ ಮುಂದೆ ನೇರವೆಂಬುದು ಕೆಲಸಗಾರನ ತೋಳಿನಲ್ಲಿ ಉಳಿಯಲಿಲ್ಲ; ಪೀಠ ಜಾರುವ ಬೆಡ್ಡಿನಲ್ಲಿ ನೆಲೆಸಿತು.

ನಮ್ಮ ಕರಾವಳಿಗೆ ಈ ವಿದ್ಯೆ ಬಂದುದು ಬಾಸೆಲ್ ಮಿಶನ್ನಿನ ಕಾರ್ಖಾನೆಗಳ ದಾರಿಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನವರು ಮತಾಂತರದಿಂದ ಕುಲ, ಕಸುಬು ಎರಡನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಬೇಕಾಗಿತ್ತು. ಅಚ್ಚುಕೂಟ, ನೇಯ್ಗೆ, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಜೆಪ್ಪುವಿನ ಹಂಚಿನ ಕಾರ್ಖಾನೆ, ಹೀಗೆ ಯಂತ್ರಗಳು ಹೆಚ್ಚಿದವು. ಯಂತ್ರ ಹೆಚ್ಚಿದಂತೆ ಸವೆತವೂ ಹೆಚ್ಚುತ್ತದೆ. ಪ್ರೆಸ್ಸಿನ ಒಂದು ತಿರುಪು ಸವೆದರೆ ಹಡಗಿನಲ್ಲಿ ಅದು ಯುರೋಪಿನಿಂದ ಬರುವವರೆಗೆ ಕಾಯಬೇಕೆ? 1874ರಲ್ಲಿ ಮಿಶನ್ ಮಂಗಳೂರಿನಲ್ಲಿ ಯಂತ್ರಶಾಲೆಯೊಂದನ್ನೇ ತೆರೆಯಿತು. ಹಂಚಿನ ಕೀರ್ತಿ ದೂರ ಹಬ್ಬಿತು. ಹಂಚಿನ ಪ್ರೆಸ್ಸನ್ನು ರಿಪೇರಿ ಮಾಡಿದವರ ಕೀರ್ತಿ ಆ ಕೊಠಡಿಯ ಹೊರಗೆ ಬರಲಿಲ್ಲ.

ಮುಂದೆ ಕನ್ನಡನಾಡು ತಾನೇ ಲೇತು ತಯಾರಿಸತೊಡಗಿತು. ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪಿತವಾಯಿತು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟಿತು. ಅದಕ್ಕೆ ತಾಂತ್ರಿಕ ನೆರವು ಕೊಟ್ಟುದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆ. ಬಾಸೆಲ್ಲೂ ಸ್ವಿಟ್ಜರ್ಲೆಂಡಿನ ನಗರವೇ! ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಆದರೆ ಕಾರ್ಖಾನೆಯೊಂದು ಮುಚ್ಚಿದಾಗ ನಿಲ್ಲುವುದು ಉತ್ಪಾದನೆ ಮಾತ್ರವಲ್ಲ. ಹಿರಿಯ ಮೇಸ್ತ್ರಿ ಹುಡುಗನ ಕೈ ಹಿಡಿದು ಕಲಿಸುತ್ತಿದ್ದ ಪಾಠವೂ ನಿಲ್ಲುತ್ತದೆ.

ಆ ಪಾಠವೇನೆಂಬುದು ಯಂತ್ರ ಮನೆಗೆ ಬಂದಾಗ ತಿಳಿಯುತ್ತದೆ. ರೈಲುಹಳಿಗಳು ಮೂರು ದಿಕ್ಕಿಗೆ ಕವಲೊಡೆಯುವ ನಮ್ಮ ಪಡೀಲಿನಲ್ಲಿ ಒಬ್ಬನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹೊಸ ಲೇತೊಂದನ್ನು ಇರಿಸುತ್ತಾನೆಂದುಕೊಳ್ಳೋಣ. ಅದು ತುಕ್ಕು ಹಿಡಿಯದಂತೆ ಗ್ರೀಸು ಮೆತ್ತಿಕೊಂಡು ಬರುತ್ತದೆ. ಅದನ್ನು ಕೆರೆಯಬಾರದು, ಸೀಮೆಎಣ್ಣೆಯಲ್ಲಿ ತೊಳೆದು, ಕೂಡಲೇ ತೆಳ್ಳಗೆ ಎಣ್ಣೆ ಸವರಬೇಕು. ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಊರಿನಲ್ಲಿ ಬರಿಯ ಕಬ್ಬಿಣ ಒಂದು ರಾತ್ರಿಯಲ್ಲಿ ಕೆಂಪಾಗಬಲ್ಲದು. ಮುರಕಲ್ಲಿನ ನೆಲದ ಮೇಲೆ ಕಾಂಕ್ರೀಟು ಹಾಕಿ, ಅದು ಗಟ್ಟಿಯಾಗಲು ನಾಲ್ಕು ವಾರ ಬಿಡಬೇಕು.

ಬಳಿಕ ಮಟ್ಟ. ಗಾರೆಯವನ ರಸಮಟ್ಟ ಇಲ್ಲಿ ಸಾಲದು, ಮೀಟರಿಗೆ 0.02 ಮಿಲಿಮೀಟರು ವ್ಯತ್ಯಾಸವನ್ನು ತೋರುವಂಥದು ಬೇಕು. ಅದನ್ನು ಬೆಡ್ಡಿನ ಎರಡು ತುದಿಗಳಲ್ಲಿಯೂ ಅಡ್ಡಲಾಗಿ ಇಟ್ಟು ನೋಡಬೇಕು. ಎರಡು ಕಡೆಯೂ ಗುಳ್ಳೆ ಒಂದೇ ಜಾಗದಲ್ಲಿ ನಿಲ್ಲದಿದ್ದರೆ ಬೆಡ್ಡು ತಿರುಚಿಕೊಂಡಿದೆಯೆಂದು ತಿಳಿಯಬೇಕು. ಎರಕದ ಕಬ್ಬಿಣವೂ ತಿರುಚಿಕೊಳ್ಳುತ್ತದೆಯೆ ಎಂದು ನೀವು ಕೇಳಬಹುದು. ಖಂಡಿತ. ಬುಡದ ಬೋಲ್ಟೊಂದನ್ನು ಬಿಗಿದರೆ ಸಾಕು. ಆದ್ದರಿಂದ ಕಾಲುಗಳ ಕೆಳಗೆ ತೆಳುವಾದ ತಗಡಿನ ಚೂರುಗಳನ್ನು ಕೊಟ್ಟು ಬಿಗಿಯುತ್ತ, ಸಡಿಲಿಸುತ್ತ, ಮತ್ತೆ ನೋಡುತ್ತ ಹೋಗಬೇಕು. ಕೊನೆಯ ಸಾಕ್ಷಿ ರಸಮಟ್ಟದ್ದಲ್ಲ, ಕೆಲಸದ್ದು. ಒಂದು ಸರಳನ್ನು ಚಕ್ಕಿಗೆ ಹಿಡಿಸಿ, ಇನ್ನೊಂದು ತುದಿಗೆ ಆಸರೆ ಕೊಡದೆ, ಎರಡು ಕಡೆ ತೆಳ್ಳಗೆ ಒಂದೇ ಓಟದಲ್ಲಿ ಕಡೆದು, ಮೈಕ್ರೊಮೀಟರಿನಿಂದ ಎರಡನ್ನೂ ಅಳೆಯಬೇಕು. ಅಳತೆ ಬೇರೆಯಾದರೆ ಮತ್ತೆ ತಗಡಿನ ಚೂರು. ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ನೋಡುವುದು ಲೇಸು. ಇತಿಹಾಸ ಬರೆಯುವಾಗ ನಾವು ಕಾರ್ಖಾನೆ ಕಟ್ಟಿದವರನ್ನು ಹೆಸರಿಸುತ್ತೇವೆ. ಹೀಗೆ ಗುಳ್ಳೆಯನ್ನೇ ನೋಡುತ್ತ ಇಡೀ ದಿನ ಕುಳಿತವನನ್ನು ಹೆಸರಿಸುವುದಿಲ್ಲ.

ಉಪಕರಣಗಳ ಮಾತು ಬೇಗ ಮುಗಿಯುತ್ತದೆ. ಮೂರು ದವಡೆಯ ಚಕ್ಕು ಅವಸರದ ಕೆಲಸಕ್ಕೆ, ನಾಲ್ಕು ದವಡೆಯದು ನಿಖರತೆಗೆ; ಒಂದು ಡಯಲ್ ಗೇಜು, ಸಾಣೆಯಲ್ಲಿ ತಾನೇ ಮಸೆದುಕೊಳ್ಳಬಹುದಾದ ನಾಲ್ಕಾರು ಹೈಸ್ಪೀಡ್ ಸ್ಟೀಲಿನ ಟೂಲುಗಳು. ಉಳಿದುದನ್ನು ಅಂಗಡಿಯಾತ ಮಾರಲೆಳಸುತ್ತಾನೆ, ಅಷ್ಟೆ.

ಹೊಸ ಚಕ್ಕನ್ನು ಕೂರಿಸುವ ಹಿಂದಿನ ತಟ್ಟೆಯನ್ನು ಮಾತ್ರ ಬೇರೆ ಕಡೆ ಕಡೆಸಿ ತರಬಾರದು. ಇನ್ನೊಂದು ಲೇತಿನಲ್ಲಿ ಸರಿಯಾಗಿ ತಿರುಗಿದ್ದು ಇಲ್ಲಿ ಓಲಾಡುತ್ತದೆ. ಒರಟು ತಟ್ಟೆಯನ್ನು ಈ ಯಂತ್ರದ ಸ್ಪಿಂಡಲಿಗೇ ಹಿಡಿಸಿ ಇಲ್ಲಿಯೇ ಕಡೆಯಬೇಕು. ಹೊಸ ಲೇತಿನ ಮೊದಲ ಕೆಲಸ ತನ್ನದೇ ಅಂಗವೊಂದನ್ನು ತಿದ್ದಿಕೊಳ್ಳುವುದು. ಎರಕದ ಕಬ್ಬಿಣವಾದುದರಿಂದ ಸುರುಳಿ ಏಳುವುದಿಲ್ಲ, ಕಪ್ಪು ಪುಡಿ ಉದುರುತ್ತದೆ. ಎಣ್ಣೆಯೊಡನೆ ಬೆರೆತರೆ ಆ ಪುಡಿ ಅರದಂತೆ ಸವೆಸುತ್ತದೆ. ಕಡೆಯುವ ಮುನ್ನ ಬೆಡ್ಡಿನ ಮೇಲೆ ಕಾಗದ ಹಾಸಿ, ಮುಗಿದೊಡನೆ ಪುಡಿಸಮೇತ ಮಡಚಿ ತೆಗೆಯಬೇಕು.